ಅಡುಗೆ ಅಕ್ಕನ ಸೊಪ್ಪಿನ ಪಾತಿ

ಅವರ ಬಲಗೈ ಹೆಬ್ಬೆರಳಿನ ಉಗುರು ಉಳಿದವುಗಳಿಗಿಂತ ಉದ್ದವಾಗಿತ್ತು, ಯಾವಾಗಲೂ ಕಪ್ಪಗಿರುತ್ತಿತ್ತು. ಸೊಪ್ಪನ್ನು ಅವರು ಕತ್ತಿಯಿಂದ ಕೊಯ್ದದ್ದನ್ನು ನಾನು ನೋಡಿಲ್ಲ. ದಂಟನ್ನು ಎರಡು ಬೆರಳಿನ ನಡುವೆ ಹಿಡಿದು ಉಗುರು ಒತ್ತುತ್ತಿದ್ದರು. ಚಟ್ಟೆಂದು ಮುರಿದರೆ ಮಡಿಲಿಗೆ, ನಾರು ಎಳೆದರೆ ಗಿಡದಲ್ಲೇ ಬಿಡುತ್ತಿದ್ದರು. ಎಷ್ಟು ತಿಕ್ಕಿ ತೊಳೆದರೂ ಹರಿವೆ, ಬಸಳೆಯ ಕಲೆ ಆ ಉಗುರಿನಿಂದ ಹೋಗುತ್ತಿರಲಿಲ್ಲ.

ಸೀತೂರು ಕಡೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅವರು ಬಿಸಿಯೂಟ ಬೇಯಿಸುತ್ತಿದ್ದರು. ಮಕ್ಕಳು ‘ಅಡುಗೆ ಅಕ್ಕ’ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ನಾನು ಕಡೂರು ಕಡೆಯವಳು. ಮೊದಲ ನೇಮಕಾತಿಯ ಆದೇಶ ಹಿಡಿದು ಅಲ್ಲಿಗೆ ಬಂದಾಗ ಐದು ತರಗತಿಗಳಲ್ಲಿ ಒಂಬತ್ತು ಮಕ್ಕಳಿದ್ದರು, ಶಿಕ್ಷಕಿ ನಾನೊಬ್ಬಳೇ. ಶಾಲೆಯ ಹತ್ತಿರವೇ ಒಂದು ಕೋಣೆ ಬಾಡಿಗೆಗೆ ಸಿಕ್ಕಿತು. ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಶನಿವಾರ ಮಕ್ಕಳು ಮನೆಗೆ ಹೋದರೆ ಸೋಮವಾರ ಹಾಜರಿ ಕೂಗುವವರೆಗೂ ನನ್ನ ದನಿಯೇ ನನಗೆ ಕೇಳಿಸುತ್ತಿರಲಿಲ್ಲ.

ಆ ವರ್ಷ ಪ್ರತಿ ಶಾಲೆಯಲ್ಲೂ ಕೈತೋಟ ಮಾಡಬೇಕೆಂದು ಸುತ್ತೋಲೆ ಬಂದಿತ್ತು. ನಾನು ಗೋಡೆಯ ಮೇಲೆ ‘ಸೊಪ್ಪು ತರಕಾರಿ ತಿನ್ನಿ, ಆರೋಗ್ಯವಾಗಿರಿ’ ಎಂದು ಹಸಿರು ಬಣ್ಣದಲ್ಲಿ ಬರೆದೆ, ನಾಲ್ಕು ಬೀಜ ಚೆಲ್ಲಿದೆ, ಫೋಟೋ ತೆಗೆದು ಕಳಿಸಿದೆ. ಮಕ್ಕಳು ಎಂದಿನಂತೆ ಸಾರಿನ ಸೊಪ್ಪನ್ನು ತಟ್ಟೆಯ ಅಂಚಿಗೆ ತಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಅಡುಗೆ ಅಕ್ಕ ನನ್ನ ಮೇಜಿನ ಹತ್ತಿರ ಬಂದು ನಿಂತರು.

“ಟೀಚ್ರೇ, ಗೋಡೆ ಮೇಲೆ ಎಂತ ಬರ್ದಿದೀರಿ?”

ಓದಿ ಹೇಳಿದೆ. ಅವರಿಗೆ ಓದು ಬಾರದು.

“ಹೌದಾ. ನಿಮ್ಮ ಡಬ್ಬೀಲಿ ಎಂತ ಇದೆ?”

ಡಬ್ಬಿಯಲ್ಲಿ ಬೆಳಿಗ್ಗೆ ಮಾಡಿದ ನೂಡಲ್ಸ್ ಮುದ್ದೆಗಟ್ಟಿತ್ತು. ಅವರು ನಗಲಿಲ್ಲ, ಬೈಯಲೂ ಇಲ್ಲ. ಒಂದು ತಟ್ಟೆ ತೊಳೆದು ತಂದು ಮಕ್ಕಳ ಸಾಲಿನ ಕೊನೆಯಲ್ಲಿ ಇಟ್ಟರು. “ಒಬ್ರೇ ಕೂತ್ರೆ ಅನ್ನ ಗಂಟಲಲ್ಲಿ ಇಳಿಯಲ್ಲ. ಇಲ್ಲಿ ಬನ್ನಿ” ಎಂದರು. ಆ ಊರಿಗೆ ಬಂದು ಮೂರು ತಿಂಗಳಾಗಿತ್ತು. ನಾನು ಉಂಡೆನೋ ಇಲ್ಲವೋ ಎಂದು ಕೇಳಿದ ಮೊದಲ ಮನುಷ್ಯರು ಅವರೇ. ಅಂದು ಬಸಳೆ ಹುಳಿ ಮಾಡಿದ್ದರು.

ಮರುದಿನದಿಂದ ಶಾಲೆಯ ಹಿಂದಿನ ಜಾಗ ಅವರ ಕೈಗೆ ಹೋಯಿತು. ಒಂಬತ್ತು ಮಕ್ಕಳಿಗೆ ಒಂಬತ್ತು ಪಾತಿ. ಯಾರ ಪಾತಿಯದ್ದು ಅಂದು ಕೊಯ್ಯುತ್ತಾರೋ ಆ ಮಗು ಸೌಟು ಹಿಡಿದು ಎಲ್ಲರಿಗೂ ಬಡಿಸಬೇಕು. ತಾನೇ ನೀರು ಹಾಕಿ ಬೆಳೆಸಿದ ಹರಿವೆಯನ್ನು ತಾನೇ ಬಡಿಸಿ ತಟ್ಟೆಯ ಅಂಚಿಗೆ ತಳ್ಳುವುದು ಯಾವ ಮಗುವಿಗೂ ಆಗಲಿಲ್ಲ. ಸಿಂಚನ ಎಂಬ ಒಂದನೇ ತರಗತಿಯ ಹುಡುಗಿಯೊಬ್ಬಳು ಮಾತ್ರ ಅಲಸಂದೆ ಮುಟ್ಟುತ್ತಿರಲಿಲ್ಲ. ಒಂದು ದಿನ ಮಂಗಗಳು ಬಂದು ಅವಳ ಅಲಸಂದೆ ಪಾತಿಯನ್ನೇ ಬೋಳಿಸಿ ಹೋದವು. ಅವಳು ಅಳುತ್ತಾ ಕೂತಳು. ಅಕ್ಕ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಉಳಿದಿದ್ದ ಒಂದೇ ಒಂದು ಕೋಡು ಹುಡುಕಿ ಕಿತ್ತರು.

“ಅಷ್ಟು ದೂರದಿಂದ ಬಂದು ಬೇರೆಯವರದ್ದು ಬಿಟ್ಟು ನಿಂದೇ ತಿಂದಾವೆ. ಎಂತಕ್ಕೆ ಅಂತ ನೋಡು ಮಾರಾಯ್ತಿ.”

ಸಿಂಚನ ಮೂಗು ಒರೆಸಿಕೊಂಡು ಆ ಕೋಡನ್ನು ಹಸಿಯಾಗಿಯೇ ಕಚ್ಚಿದಳು. ಆಮೇಲೆ ಅವಳಿಗೆ ಅಲಸಂದೆ ಸಾಲದೇ ಬರುತ್ತಿತ್ತು.

ಅಕ್ಕ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆಗೆ ಬಂದವರು. ಮಕ್ಕಳಿರಲಿಲ್ಲ. ಅಲ್ಲಿ ಅವರನ್ನು ಯಾರೂ ಕೀಳಾಗಿ ಕಂಡವರಲ್ಲ, ಆದರೆ ಆ ಮನೆಯಲ್ಲಿ ಅವರನ್ನು ಕೇಳಿ ಮಾಡುವ ಕೆಲಸವೂ ಯಾವುದೂ ಇರಲಿಲ್ಲ. ಗದ್ದೆಯಲ್ಲಿ ಯಾವ ಬೀಜ ಹಾಕಬೇಕು ಎನ್ನುವುದು ತಮ್ಮನ ಮಾತು, ಅಂದಿನ ಅಡುಗೆ ಏನು ಎನ್ನುವುದು ತಮ್ಮನ ಹೆಂಡತಿಯ ಮಾತು. ಒಮ್ಮೆ ಬೆಂಡೆಯ ಬುಡಕ್ಕೆ ಮಣ್ಣು ಏರಿಸುತ್ತಾ, ನನಗೆ ಹೇಳಿದರೋ ಗಿಡಕ್ಕೆ ಹೇಳಿದರೋ, “ಇಷ್ಟು ಜಾಗದಲ್ಲಿ ಮಾತ್ರ ನಾ ಹೇಳಿದ್ದು ಆಗ್ತದೆ” ಎಂದರು.

ಮಕ್ಕಳು ಕಡಿಮೆಯಾಗುತ್ತಾ ಬಂದರು. ಕೊಪ್ಪದ ಖಾಸಗಿ ಶಾಲೆಯ ವ್ಯಾನು ಬೆಳಿಗ್ಗೆ ಊರೊಳಗೇ ಬಂದು ಹಾರ್ನ್ ಹಾಕುತ್ತಿತ್ತು. ಒಂಬತ್ತು ಆರಾಯಿತು, ಆರು ಮೂರಾಯಿತು. ನನ್ನ ಐದನೇ ವರ್ಷಕ್ಕೆ ಉಳಿದದ್ದು ಐದನೇ ತರಗತಿಯ ಸಿಂಚನ ಒಬ್ಬಳೇ. ಬೆಳಿಗ್ಗೆ ಅವಳೊಬ್ಬಳೇ ನಿಂತು ನಾಡಗೀತೆ ಹಾಡುತ್ತಿದ್ದಳು, ಸಾಲು ಮರೆತರೆ ಅಡುಗೆ ಕೋಣೆಯಿಂದ ಅಕ್ಕನ ದನಿ ಬರುತ್ತಿತ್ತು. ಒಂಬತ್ತು ಪಾತಿಯಲ್ಲಿ ಒಂದನ್ನೂ ಅಕ್ಕ ಪಾಳು ಬಿಡಲಿಲ್ಲ. “ಇಷ್ಟು ಯಾರಿಗೆ ಅಕ್ಕ?” ಎಂದರೆ, “ಬಂದ್ರೆ ಬೇಕಲ್ದಾ” ಎನ್ನುತ್ತಿದ್ದರು. ಯಾರೂ ಬರಲಿಲ್ಲ. ಮಧ್ಯಾಹ್ನ ಮೂವರೂ ಜಗಲಿಯಲ್ಲಿ ಸಾಲಾಗಿ ಕೂತು ಉಣ್ಣುತ್ತಿದ್ದೆವು.

ಸಿಂಚನ ಐದು ಮುಗಿಸಿದ ಬೇಸಿಗೆಯಲ್ಲಿ ಶಾಲೆಗೆ ಬೀಗ ಬಿತ್ತು. ನನ್ನನ್ನು ಶೃಂಗೇರಿ ರಸ್ತೆಯ ಒಂದು ದೊಡ್ಡ ಶಾಲೆಗೆ ಹಾಕಿದರು. ಅಕ್ಕನ ಕೆಲಸ ಹೋಯಿತು. ಹೊರಡುವ ದಿನ ಅವರು “ಅಲ್ಲಿ ಮಕ್ಕಳು ಎಷ್ಟಿದಾರೆ?” ಎಂದು ಕೇಳಿದರು. ಇನ್ನೂರರ ಮೇಲೆ ಎಂದೆ. “ಅಬ್ಬಾ” ಎಂದರು.

ಹೊಸ ಶಾಲೆಯಲ್ಲಿ ನಾನು ಕೊನೆಗೆ ಸೇರಿದವಳು. ಶಿಕ್ಷಕರ ಕೋಣೆಯಲ್ಲಿ ನನ್ನದೊಂದು ಕುರ್ಚಿ ಎಂಬುದೂ ಇನ್ನೂ ಆಗಿರಲಿಲ್ಲ. ದಸರಾ ರಜೆಗೆ ಕೆಲವು ದಿನ ಮುಂಚೆ, ಊಟದ ಗಂಟೆಗೆ ಸ್ವಲ್ಪ ಮೊದಲು, ಗೇಟಿನ ಹತ್ತಿರ ಮುಖ್ಯ ಶಿಕ್ಷಕರ ದನಿ ಜೋರಾಗಿ ಕೇಳಿಸಿತು. ಹೋಗಿ ನೋಡಿದರೆ ಅಡುಗೆ ಅಕ್ಕ. ಒಳ್ಳೆಯ ಸೀರೆ ಉಟ್ಟಿದ್ದರು. ಕಾಲ ಬಳಿ ಒಂದು ಗೋಣಿಚೀಲ, ಅದರ ಬಾಯಲ್ಲಿ ಬಸಳೆಯ ಬಳ್ಳಿ, ಸೌತೆಕಾಯಿ ಕಾಣುತ್ತಿದ್ದವು. ಬೀಗ ಹಾಕಿದ ಶಾಲೆಯ ಹಿಂದೆ ಅವರು ಈ ಮಳೆಗಾಲವೂ ಬೆಳೆ ತೆಗೆದಿದ್ದರು. ಅದನ್ನು ಹೊತ್ತು, ಕೊಪ್ಪದಲ್ಲಿ ಬಸ್ಸು ಬದಲಾಯಿಸಿ, ಇಲ್ಲಿಯವರೆಗೆ ಬಂದಿದ್ದರು.

“ಯಾರೋ ತಂದಿದ್ದನ್ನ ಅಡುಗೆಗೆ ಹಾಕಿ ಮಕ್ಕಳಿಗೆ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?” ಎಂದ ಮುಖ್ಯ ಶಿಕ್ಷಕರು ನನ್ನ ಕಡೆ ತಿರುಗಿದರು. “ನಿಮ್ಮ ಹೆಸರು ಹೇಳ್ತಿದಾರೆ. ಯಾರು ಇವ್ರು?”

ನಾಲ್ಕೈದು ಮಂದಿ ಶಿಕ್ಷಕರು ಜಗಲಿಯಿಂದ ನೋಡುತ್ತಿದ್ದರು.

“ಹಳೇ ಶಾಲೆ ಊರಿನವ್ರು, ಸರ್” ಎಂದೆ. ಅಷ್ಟೇ ಹೇಳಿದೆ.

ಅಕ್ಕ ನನ್ನ ಮುಖವನ್ನು ಒಮ್ಮೆ ನೋಡಿದರು. ಸಿಟ್ಟು ಇರಲಿಲ್ಲ. “ನಿಮಗೆ ಕ್ಲಾಸ್ ಇರ್ತದೆ ಟೀಚ್ರೇ, ಹೋಗಿ” ಎಂದು ಚೀಲವನ್ನು ಮತ್ತೆ ತಲೆಗೆ ಏರಿಸಿಕೊಂಡರು. ಅಷ್ಟು ಹೊತ್ತಿಗೆ ಊಟದ ಗಂಟೆ ಹೊಡೆಯಿತು. ಇನ್ನೂರು ಮಕ್ಕಳಿಗೆ ಅನ್ನ ಸಿದ್ಧವಿತ್ತು. ಉಂಡು ಹೋಗಿ ಎನ್ನುವುದಿರಲಿ, ನೀರು ಬೇಕಾ ಎಂದೂ ನಾನು ಕೇಳಲಿಲ್ಲ. ಆ ಚೀಲವನ್ನು ಅವರು ಏನು ಮಾಡಿದರೋ ಗೊತ್ತಿಲ್ಲ.

ರಜೆಯಲ್ಲಿ ಹೋಗಿ ಕ್ಷಮೆ ಕೇಳಬೇಕು ಎಂದುಕೊಂಡೆ. ಹೋಗಲಿಲ್ಲ. ಮುಂದಿನ ರಜೆಯಲ್ಲಿ ಎಂದುಕೊಂಡೆ. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಸಿಂಚನಳ ತಂದೆ ಫೋನ್ ಮಾಡಿ, ಅಡುಗೆ ಅಕ್ಕ ತೀರಿಕೊಂಡು ಹತ್ತು ದಿನವಾಯಿತು, ನಾಲ್ಕು ದಿನದ ಜ್ವರ ಅಷ್ಟೇ, ಎಂದರು.

ಭಾನುವಾರ ಹೋದೆ. ಅಕ್ಕನ ತಮ್ಮನ ಹೆಂಡತಿ ಚಾಪೆ ಹಾಸಿ ಕೂರಿಸಿ, ಕಾಫಿ ಕೊಟ್ಟು ಎದುರಿಗೆ ಕೂತರು.

“ಕೊನೇವರೆಗೂ ನಿಮ್ಮದೇ ಸುದ್ದಿ” ಎಂದರು. “ಅವತ್ತು ನಿಮ್ಮ ಶಾಲೆಗೆ ಬಂದಿದ್ರಲ್ಲ, ವಾಪಸ್ ಬಂದವ್ರು ಎಷ್ಟು ಖುಷೀಲಿದ್ರು ಅಂತೀರಿ. ಟೀಚ್ರು ಗೇಟಿಗೇ ಓಡಿ ಬಂದ್ರು, ಕೈ ಹಿಡ್ಕೊಂಡು ಒಳಗೆ ಕರ್ಕೊಂಡು ಹೋದ್ರು, ನಮ್ಮ ಅಡುಗೆ ಅಕ್ಕ ಅಂತ ಎಲ್ರಿಗೂ ಹೇಳಿದ್ರು, ಮಕ್ಕಳ ಜೊತೆ ಕೂರಿಸಿ ಊಟ ಹಾಕಿದ್ರು ಅಂತ. ಹೊಟ್ಟೆ ತುಂಬಿದೆ ಅಂತ ಹೇಳಿ ರಾತ್ರಿ ಊಟಾನೂ ಮಾಡಲಿಲ್ಲ.”

ಲೋಟ ಕೆಳಗಿಟ್ಟೆ. ನಿಜ ಹೇಳಲು ಬಾಯಿ ತೆರೆದೆ. ಹೇಳಿದರೆ ಸುಳ್ಳುಗಾರರಾಗುವುದು ನಾನಲ್ಲ, ಅಕ್ಕ.

“ಅಷ್ಟು ಸೊಪ್ಪು ಮಕ್ಕಳು ತಿಂದ್ರಾ ಟೀಚ್ರೇ?” ಎಂದು ಆಕೆ ಕೇಳಿದರು.

“ತಿಂದ್ರು” ಎಂದೆ. “ಯಾರೂ ಬಿಡಲಿಲ್ಲ.”