ಲಕ್ಕಮ್ಮ ಮೊಂಡು ಮಾಡಿದ ಉಳಿ

ನಮ್ಮ ಪಿಳ್ಳಮ್ಮನ ಕೈಯಲ್ಲಿ ಹತ್ತೂ ಬೆರಳು ನೆಟ್ಟಗಿದ್ದವು. ಅದರಲ್ಲೇನು ದೊಡ್ಡ ವಿಷಯ ಅಂತೀರಾ? ಅವಳ ಅತ್ತೆ ಲಕ್ಕಮ್ಮನಿಗೆ ಪೂರ್ತಿ ಬೆರಳು ಇದ್ದದ್ದು ಎಂಟೇ. ನಮ್ಮ ಕುಲದಲ್ಲಿ ಹಿಂದೆಲ್ಲ ಮೊದಲ ಮಗುವಿಗೆ ಕಿವಿ ಚುಚ್ಚಿಸುವ ಮುಂಚೆ ತಾಯಿ ತನ್ನ ಬಲಗೈಯ ಕೊನೆಯ ಎರಡು ಬೆರಳಿನ ತುದಿಯನ್ನು ದೇವರಿಗೆ ಒಪ್ಪಿಸಬೇಕಿತ್ತು. ಉಳಿ ಇಟ್ಟು ಒಂದೇ ಏಟು.

ಸರ್ಕಾರ ಅದನ್ನು ನಿಲ್ಲಿಸಿ, ಬೆರಳ ಬದಲು ಚಿನ್ನದ ತಗಡು ಒಪ್ಪಿಸುವ ರೂಢಿ ಬಂದು ಬಹಳ ಕಾಲವಾಗಿತ್ತು. ಆದರೆ ೧೮೯೮ರಲ್ಲಿ ಪೇಟೆಗೆ ಪ್ಲೇಗು ಬಂದು ಮನೆಯವರೆಲ್ಲ ಊರಾಚೆ ಗುಡಿಸಲು ಸೇರಿದಾಗ ಲಕ್ಕಮ್ಮನ ಹಿರಿಮಗ ದೊಡ್ಡಬೈರಪ್ಪನಿಗೆ ಹಳೆಯ ಭಯ ಹಿಡಿಯಿತು. ಅವನ ತಮ್ಮನ ಹೆಂಡತಿ ಪಿಳ್ಳಮ್ಮ. ಅವಳ ಮೊದಲ ಮಗುವಿಗೆ ಕಿವಿ ಚುಚ್ಚಿಸುವ ಹೊತ್ತು ಅದು.

"ಬರೀ ಚಿನ್ನ ಕೊಟ್ಟಿದ್ದಕ್ಕೇ ದೇವರು ಮುನಿದಿರೋದು. ಈ ಸಲ ಬೆರಳೇ ಕೊಟ್ಬಿಡಾಣ. ಉಳಿ ಎಲ್ಲವ್ವ?"

ಲಕ್ಕಮ್ಮ ಪೆಟ್ಟಿಗೆಯಿಂದ ಉಳಿ ತೆಗೆದಳು. ಒರಳಿನ ಮೇಲೆ ಅದರ ಬಾಯಿಟ್ಟು ಗುಂಡುಕಲ್ಲಿನಿಂದ ಜಜ್ಜಿಯೇ ಜಜ್ಜಿದಳು.

"ಇನ್ನು ಇದು ಬೆಣ್ಣೇನೂ ಕುಯ್ಯಲ್ಲ. ನಿನ್ ದೇವ್ರಿಗೆ ಬೆರಳೇ ಬೇಕಂದ್ರೆ ನಂದಿನ್ನೂ ಎಂಟವೆ, ಬಂದು ತಗೊಳ್ಲಿ. ಆ ಹುಡುಗಿ ಕೈ ಮುಟ್ಬೇಡ."

ಆಮೇಲೆ ಬಸವನಗುಡಿಯ ಹೊಸ ಮನೆಯಲ್ಲಿ ಪಿಳ್ಳಮ್ಮನ ಆ ಕೈಗೆ ಬಿಡುವೆಲ್ಲಿ? ರಾಗಿ ಬೀಸಿತು, ಬೀದಿಯ ಬಾಣಂತಿಯರಿಗೆಲ್ಲ ನೀರು ಹುಯ್ಯಿತು. ಲಕ್ಕಮ್ಮನ ಬಾಯಿಗೆ ಕೊನೆಯ ನೀರು ಬಿಟ್ಟದ್ದೂ ಅದೇ ಕೈ.

ಇಪ್ಪತ್ತರ ದಶಕದಲ್ಲಿ ನಮ್ಮವರು ಚಾಮರಾಜಪೇಟೆಯ ಹಾಸ್ಟೆಲಿನ ಒಂದು ಕೋಣೆಯಲ್ಲಿ ಕುಲದ ಹಳೆಯ ವಸ್ತುಗಳ ಸಂಗ್ರಹಾಲಯ ಶುರುಮಾಡಿದರು. ಉಸ್ತುವಾರಿ ಪುಟ್ಟಯ್ಯ ಮೇಷ್ಟ್ರದು. ಮನೆಮನೆಯಿಂದ ಕತ್ತಿ, ಕಂಚಿನ ದೀಪ ಬಂದವು. ಪಿಳ್ಳಮ್ಮ ಉಳಿ ಕೊಟ್ಟಳು. "ನಮ್ಮತ್ತೇದು, ಜೋಪಾನ" ಎನ್ನುವಷ್ಟರಲ್ಲಿ ಹಿಂದಿದ್ದವರು ತಮ್ಮ ದೀಪ ಮುಂದೆ ಚಾಚಿದರು; ಕತೆ ಒಳಗೇ ಉಳಿಯಿತು.

ಮಾರನೆಯ ದಿನ ಮೇಷ್ಟ್ರು ಖುಷಿಯಾಗಿ ಬಂದರು. "ಅವ್ವಾ, ಉಳಿ ಪೂರಾ ಮೊಂಡಾಗಿತ್ತು. ನೋಡೋರಿಗೆ ಚೆಂದ ಕಾಣ್ಲಿ ಅಂತ ಕುಲುಮೆಗೆ ಕೊಟ್ಟಿದೀನಿ. ತಟ್ಟಿ ಸಾಣೆ ಹಿಡಿದ್ರೆ ಹೊಸದಾಗ್ತದೆ."

"ಅಯ್ಯೋ ಪುಣ್ಯಾತ್ಮ!"

ಒಲೆಯ ಮೇಲಿನ ಹಿಟ್ಟನ್ನು ಹಾಗೇ ಬಿಟ್ಟು ಪಿಳ್ಳಮ್ಮ ಓಡಿದಳು. ಕಮ್ಮಾರ ಇಕ್ಕಳದಲ್ಲಿ ಉಳಿ ಹಿಡಿದು ಕೆಂಡದತ್ತ ಬಗ್ಗಿದ್ದ.

"ನಿಲ್ಸಪ್ಪಾ! ಆ ಮೊಂಡೇ ನಮ್ಮತ್ತೆ ನಂಗೆ ಕೊಟ್ಟಿದ್ದು! ನೋಡು!" ಎಂದು ಹತ್ತೂ ಬೆರಳು ಬಿಡಿಸಿ ಹಿಡಿದಳು. ಹಿಂದೆಯೇ ಏದುಸಿರು ಬಿಡುತ್ತ ಬಂದ ಮೇಷ್ಟ್ರು ಅಲ್ಲೇ ನಿಂತು ಕತೆಯೆಲ್ಲ ಕೇಳಿದರು. ಉಳಿಯನ್ನು ತಮ್ಮ ಹೆಗಲ ಮೇಲಿನ ವಲ್ಲಿಯಲ್ಲಿ ಸುತ್ತಿಕೊಂಡರು.

ಸಂಗ್ರಹಾಲಯ ತೆರೆದ ದಿನ ದೊಡ್ಡಬೈರಪ್ಪನೂ ಕೋಲೂರಿಕೊಂಡು ಬಂದ. ಬೀರುವಿನ ಗಾಜಿನ ಬಾಗಿಲು ತೆಗೆಸಿ, ಉಳಿಯ ಬಾಯಿಯ ಮೇಲೆ ಹೆಬ್ಬೆರಳಾಡಿಸಿದ.

"ಅವ್ವ ಗಟ್ಟಿಯಾಗೇ ಜಜ್ಜವ್ಳೆ ಕಣಮ್ಮ."

"ಹೂಂ ಭಾವ. ನೀವು ಮತ್ತೆ ಸಾಣೆ ಹಿಡಿಸ್ಬಿಟ್ಟೀರಿ ಅಂತ."

ಮುದುಕ ನಕ್ಕ. ನಗುತ್ತಲೇ ಕೋಲನ್ನು ಪಿಳ್ಳಮ್ಮನ ಕೈಗೆ ಕೊಟ್ಟು, ಆ ಉಳಿಯ ಮುಂದೆ ಅವ್ವನಿಗೆ ಕೈಮುಗಿದ.