ಮೇಸ್ತ್ರಿ ಎಸೆದ ಜೋಕರ್

ಕ್ರೇನ್ ಮೇಸ್ತ್ರಿಗೆ ಹುಬ್ಬುಗಳಿರಲಿಲ್ಲ. ಮೂವತ್ತು ವರ್ಷ ಕುಲುಮೆಯ ಬಿಸಿಯ ಮೇಲೆ ಕೂತೂ ಕೂತೂ ಅವು ಸುಟ್ಟುಹೋಗಿ, ಕಣ್ಣಿನ ಮೇಲೆ ಎರಡು ನುಣುಪಾದ ಗೆರೆಗಳಷ್ಟೇ ಉಳಿದಿದ್ದವು. ಇಸ್ಪೀಟ್ ಆಡಲು ಕೂತರೆ ಹದಿಮೂರು ಎಲೆಗಳನ್ನು ಬಿಡಿಸಿ ಮೂಗಿಗೆ ತಾಗುವಷ್ಟು ಹತ್ತಿರ ಹಿಡಿಯುತ್ತಿದ್ದರು. "ಮೇಸ್ತ್ರೀ, ಎಲೆ ನೋಡ್ತಿದೀರೋ ಮೂಸ್ತಿದೀರೋ?" ಎಂದು ನಾನು ಛೇಡಿಸುತ್ತಿದ್ದೆ. "ಪಕ್ಕದಲ್ಲಿ ನಿನ್ನಂಥ ಕಳ್ಳ ಕೂತಿರುವಾಗ ಹಿಂಗೇ ಹಿಡೀಬೇಕು ಮಾರಾಯ" ಎನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಭದ್ರಾವತಿಯ ಅಂಚಿನಲ್ಲಿದ್ದ ಒಂದು ಸಣ್ಣ ಖಾಸಗಿ ಫೌಂಡ್ರಿಯಲ್ಲಿ ಅವರು ಕ್ರೇನ್ ನಡೆಸುತ್ತಿದ್ದರು. ನಾನು ಅಲ್ಲೇ ಹಾಜರಿ ಬರೆಯುವ ಗುಮಾಸ್ತ. ಅದು ಮುಚ್ಚಿ ಬಹಳ ವರ್ಷಗಳಾದವು, ಈಗ ಅಲ್ಲಿ ಗೋಡೌನು ಇದೆ. ನನ್ನ ತಮ್ಮ ಎಸ್ಸೆಸ್ಸೆಲ್ಸಿ ಫೇಲಾಗಿ ಜನ್ನಾಪುರದ ಬಸ್ ಸ್ಟಾಪಿನಲ್ಲಿ ಕಾಲ ಕಳೆಯುತ್ತಿದ್ದಾಗ ಅವನನ್ನು ಮಾಲೀಕರ ಮುಂದೆ ನಿಲ್ಲಿಸಿ ಕೆಲಸ ಕೊಡಿಸಿದವರು ಈ ಮೇಸ್ತ್ರಿಯೇ. ಅವನ ಕೆಲಸ ಕ್ರೇನಿನ ಕೆಳಗೆ ನಿಂತು, ತೂಗುತ್ತಾ ಬರುವ ಅಚ್ಚಿನ ಪೆಟ್ಟಿಗೆಗಳನ್ನು ಎತ್ತಲು, ಇಳಿಸಲು, ನಿಲ್ಲಿಸಲು ಮೇಲೆ ಕ್ಯಾಬಿನ್ನಿನಲ್ಲಿ ಕೂತ ಮೇಸ್ತ್ರಿಗೆ ಕೈ ತೋರಿಸುವುದು. ಮೊದಲ ದಿನವೇ ಮೇಸ್ತ್ರಿ ಅವನ ಕೊರಳಿಗೊಂದು ಸೀಟಿ ಕಟ್ಟಿದರು. "ಬರೀ ಕೈ ಬೇಡ, ಸೀಟಿ ಹೊಡಿ. ಒಂದಕ್ಕೆ ಇಳಿಸ್ತೀನಿ, ಎರಡಕ್ಕೆ ಎತ್ತುತೀನಿ, ಉದ್ದಕ್ಕೆ ಹೊಡೆದ್ರೆ ನಿಲ್ಲಿಸ್ತೀನಿ" ಎಂದರಂತೆ. ಅವರಷ್ಟು ಎಚ್ಚರಿಕೆಯ ಮನುಷ್ಯ ಇನ್ನೊಬ್ಬರಿಲ್ಲ ಎಂದು ಮನೆಯಲ್ಲಿ ನಾವೆಲ್ಲ ಹೊಗಳಿದೆವು.

ಭಾನುವಾರ ಮಧ್ಯಾಹ್ನ ಕಾರ್ಮಿಕರ ಕ್ಲಬ್ಬಿನಲ್ಲಿ ರಮ್ಮಿ. ನನಗೆ ಆಟ ಕಲಿಸಿದವರೂ ಅವರೇ. ಕೈ ಕೆಟ್ಟಿದ್ದರೆ ಮೊದಲ ಸುತ್ತಿನಲ್ಲೇ ಎಲೆ ಮಡಚಿ ಹೊರಗೆ ಕೂರುವುದಕ್ಕೆ ನಮ್ಮಲ್ಲಿ ಸ್ಕೂಟ್ ಎನ್ನುತ್ತಾರೆ. ಹಾಗೆ ಬಿಟ್ಟರೆ ಪಾಯಿಂಟು ಸ್ವಲ್ಪ ಹೋಗುತ್ತದೆ, ಆಸೆಯಿಂದ ಕೂತು ಸೋತರೆ ಪೂರ್ತಿ ಹೋಗುತ್ತದೆ. "ಎಲೆ ಕೆಟ್ಟದ್ದು ಬರೋದು ತಪ್ಪಲ್ಲ, ಕೆಟ್ಟ ಎಲೆ ಹಿಡ್ಕೊಂಡು ಕೂರೋದು ತಪ್ಪು" ಎಂದು ನನ್ನ ತಲೆಗೆ ಮೊಟಕುತ್ತಿದ್ದರು. ನಮ್ಮ ಕ್ಲಬ್ಬಿನಲ್ಲಿ ಇನ್ನೊಂದು ರೂಢಿಯಿತ್ತು. ಎಲೆ ಎಸೆಯುವವನು ಅದರ ಹೆಸರನ್ನು ಕೂಗಿಯೇ ಎಸೆಯಬೇಕು. "ಆಟಿನ್ ಎಂಟು!" "ಕಳಾವರ್ ರಾಣಿ!" ಜೋಕರ್ ತಿರುಗಿಸಿದಾಗಲೂ ಕೂಗಬೇಕು. ಯಂತ್ರಗಳ ಸದ್ದಿನಲ್ಲಿ ಕಿವಿ ಮಂದವಾದವರ ಗುಂಪು, ಮಾತು ಅಂದರೇ ಕೂಗು. ಈ ರೂಢಿಯನ್ನು ಯಾರು ತಂದರೆಂದು ನಾನು ಯೋಚಿಸಿರಲಿಲ್ಲ.

ಆ ವರ್ಷ ಶಿವಮೊಗ್ಗದ ಒಂದು ಕಲ್ಯಾಣ ಮಂಟಪದಲ್ಲಿ ದೊಡ್ಡ ರಮ್ಮಿ ಟೂರ್ನಮೆಂಟ್ ಇಟ್ಟರು. ದಾವಣಗೆರೆ, ಹಾಸನ, ಹುಬ್ಬಳ್ಳಿಗಳಿಂದೆಲ್ಲ ಜನ ಬಂದಿದ್ದರು. ಮದುಮಕ್ಕಳು ಕೂರುವ ವೇದಿಕೆಯ ಮೇಲೆ ಮೊದಲ ಬಹುಮಾನದ ಬೈಕು ಹಾರ ಹಾಕಿಕೊಂಡು ನಿಂತಿತ್ತು. ಮೇಸ್ತ್ರಿಗೆ ಬರಲು ಮನಸ್ಸಿರಲಿಲ್ಲ. ನಾನೇ ಒತ್ತಾಯಿಸಿ, ಇಬ್ಬರ ಹೆಸರನ್ನೂ ಬರೆಸಿ, ಬೆಳಗಿನ ಬಸ್ಸಿಗೆ ಹತ್ತಿಸಿಕೊಂಡು ಹೋದೆ.

ಮೊದಲ ಎಲೆ ಎಸೆಯುವಾಗಲೇ ಮೇಸ್ತ್ರಿ ಅಭ್ಯಾಸಬಲದಿಂದ "ಡೈಮನ್ ಹತ್ತು!" ಎಂದು ಕೂಗಿದರು. ಎದೆಗೆ ಬ್ಯಾಡ್ಜ್ ಚುಚ್ಚಿಕೊಂಡ ಮೇಲ್ವಿಚಾರಕ ಬಂದು ಮೇಜು ತಟ್ಟಿದ. "ಯಜಮಾನ್ರೇ, ಇಲ್ಲಿ ಎಲೆ ಹೆಸರು ಹೇಳೋ ಹಾಗಿಲ್ಲ. ಯಾರೂ ಮಾತಾಡೋ ಹಾಗಿಲ್ಲ." ಮೇಸ್ತ್ರಿ ಕರ್ಚೀಫಿನಿಂದ ಮುಖ ಒರೆಸಿಕೊಂಡರು. ಅಷ್ಟು ಜನ ಕೂತಿದ್ದ ಆ ಸಭಾಂಗಣದಲ್ಲಿ ಎಲೆ ಸರಿಯುವ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ನಾನು ಎರಡನೇ ಸುತ್ತಿಗೇ ಮಣ್ಣು ಮುಕ್ಕಿ, ಹಗ್ಗದಾಚೆ ನಿಂತ ಪ್ರೇಕ್ಷಕರನ್ನು ಸೇರಿದೆ. ಮೇಸ್ತ್ರಿ ಮಾತ್ರ ಗೆಲ್ಲುತ್ತಾ ಹೋದರು. ಕೆಟ್ಟ ಕೈಯನ್ನು ಕೂಡಲೇ ಸ್ಕೂಟ್ ಮಾಡುತ್ತಿದ್ದರು. ಆಡಿದರೆ ಮುಚ್ಚಿದ ಕಟ್ಟಿನಿಂದಲೇ ಎಲೆ ಎತ್ತುತ್ತಿದ್ದರು. ಬೇರೆಯವರು ಎಸೆದು ತೆರೆದಿಟ್ಟ ಎಲೆಯನ್ನು ಒಮ್ಮೆಯೂ ಮುಟ್ಟಲಿಲ್ಲ. "ಭದ್ರಾವತಿ ಮುದುಕನ ಗುಂಡಿಗೆ ನೋಡ್ರಿ, ಇನ್ನೊಬ್ಬರ ಎಂಜಲು ಮುಟ್ಟಲ್ಲ" ಎಂದ ಪಕ್ಕದಲ್ಲಿದ್ದ ಹುಬ್ಬಳ್ಳಿಯವನೊಬ್ಬ. ಅವರು ನನ್ನ ಗುರುಗಳು ಎಂದು ನಾನು ಕಾಲರ್ ಎತ್ತಿಕೊಂಡೆ.

ಸಂಜೆ ಕೊನೆಯ ಮೇಜು. ಹಸಿರು ಬಟ್ಟೆ ಹಾಸಿದ ದೊಡ್ಡ ಮೇಜು ಅದು. ಎಲೆಗಳ ಕಟ್ಟು ನಟ್ಟನಡುವೆ, ಆಟಗಾರರಿಂದ ದೂರದಲ್ಲಿತ್ತು. ನಾನು ಮೇಸ್ತ್ರಿಯ ಬೆನ್ನ ಹಿಂದೆಯೇ ನಿಂತಿದ್ದೆ, ಅವರ ಎಲೆಗಳು ನನಗೆ ಕಾಣುತ್ತಿದ್ದವು. ಆಟಿನ್ ಏಳೊಂದು ಬಂದರೆ ಆಟ ಮುಗಿಯುತ್ತಿತ್ತು. ಎದುರಿನವನು ಆಟಿನ್ ಏಳನ್ನೇ ಎಸೆದ. ಮೇಸ್ತ್ರಿ ಅದರತ್ತ ಮುಖ ಮಾಡಿದರು, ಕ್ಷಣ ಕಾದರು, ಮುಚ್ಚಿದ ಕಟ್ಟಿನಿಂದ ಒಂದು ಎಲೆ ಎತ್ತಿಕೊಂಡರು. ಬಂದದ್ದು ನಾಲ್ಕು. ಆ ಆಟಕ್ಕೆ ನಾಲ್ಕೇ ಜೋಕರ್, ಯಾವ ಎಲೆಯ ಜಾಗದಲ್ಲಾದರೂ ನಡೆಯುವಂಥದ್ದು. ಅದಿದ್ದರೂ ಆಟ ಮುಗಿಯುತ್ತಿತ್ತು. ಜೋಕರ್ ಯಾವುದೆಂದು ತೋರಿಸಲು ತಿರುಗಿಸಿಟ್ಟಿದ್ದ ಇನ್ನೊಂದು ನಾಲ್ಕು ಕಟ್ಟಿನ ಪಕ್ಕದಲ್ಲೇ ಇತ್ತು. ಮೇಸ್ತ್ರಿ ಕೈಯಲ್ಲಿದ್ದ ನಾಲ್ಕನ್ನು ಮೂಗಿನ ಹತ್ತಿರ ತಂದು ನೋಡಿ, ಮೇಜಿನ ಮೇಲೆ ಎಸೆದರು.

ಜನ ಗೊಳ್ಳೆಂದು ನಕ್ಕರು. "ಜೋಕರನ್ನೇ ಎಸೆದ್ನಲ್ರೀ!" ನನಗೆ ನಗು ಬರಲಿಲ್ಲ. ಮೂಗಿಗೆ ತಾಗುವ ಎಲೆಗಳು, ಕೂಗುವ ರೂಢಿ, ತಮ್ಮನ ಕೊರಳಿನ ಸೀಟಿ, ಮೂರೂ ಒಟ್ಟಿಗೆ ನನ್ನ ಕಣ್ಣ ಮುಂದೆ ಬಂದವು.

ವಾಪಸು ಬರುವ ಬಸ್ಸಿನಲ್ಲಿ ಕೇಳಿದೆ. "ಮೇಸ್ತ್ರೀ, ಕಣ್ಣು ಎಷ್ಟು ದಿನದಿಂದ ಹಿಂಗೆ?"

"ಸೋತೋನಿಗೆ ನೂರು ಪ್ರಶ್ನೆ" ಎಂದು ನಗಲು ನೋಡಿದರು. ನಾನು ನಗಲಿಲ್ಲ. ಆಮೇಲೆ ಹೇಳಿದರು: "ಎರಡು ವರ್ಷ ಆಯ್ತು. ನರ ಒಣಗಿದೆ, ಕನ್ನಡಕಕ್ಕೂ ಬಗ್ಗಲ್ಲ ಅಂದ್ರು ಡಾಕ್ಟ್ರು. ಹತ್ತಿರದ್ದು ಕಾಣುತ್ತೆ. ಒಂದು ಮೊಳ ಆಚೆ ಎಲ್ಲಾ ಮಂಜು."

"ಆ ಮಂಜಲ್ಲಿ ನನ್ನ ತಮ್ಮ ನಿಂತಿರ್ತಾನೆ ಕಣ್ರೀ!" ಎಂದು ನಾನು ಕೂಗಿಬಿಟ್ಟೆ. ಮುಂದಿನ ಸೀಟಿನವರು ತಿರುಗಿ ನೋಡಿದರು. "ಕೆಟ್ಟ ಎಲೆ ಹಿಡ್ಕೊಂಡು ಕೂರಬಾರದು ಅಂತ ನನಗೆ ಬುದ್ಧಿ ಹೇಳೋ ದೊಡ್ಡ ಮನುಷ್ಯರು ನೀವು. ನಾಳೆ ನೀವಾಗಿ ಹೇಳದಿದ್ರೆ ಮಾಲೀಕರಿಗೆ ನಾನೇ ಹೇಳ್ತೀನಿ."

"ಹೇಳು. ಹೇಳಬೇಕಾದ್ದೇ" ಎಂದರು. ನನ್ನ ಮೊಣಕೈ ಹಿಡಿದುಕೊಂಡರು. "ಬರೋ ಭಾನುವಾರ ಮಗಳನ್ನ ನೋಡೋಕೆ ಬರ್ತಿದಾರೆ. ಕೆಲಸದಲ್ಲಿರೋ ಅಪ್ಪ ಅಂತ ಅವರೆದುರು ಕೂರಬೇಕು ಮಾರಾಯ. ಒಂದು ವಾರ ಕೊಡು. ಸೋಮವಾರ ನಾನೇ ಕ್ರೇನಿಂದ ಇಳಿದುಬಿಡ್ತೀನಿ."

ಕೊಟ್ಟೆ. ತಮ್ಮನಿಗೆ ಕೆಲಸ ಕೊಡಿಸಿದವರು, ಪಕ್ಕದಲ್ಲಿ ಕೂತು ಕೈ ಹಿಡಿದವರು. ಇಲ್ಲವೆನ್ನಲು ನಾಲಗೆ ಬರಲಿಲ್ಲ. ಮನೆಗೆ ಬಂದು ತಮ್ಮನಿಗೆ "ಕೆಲಸದಲ್ಲಿ ಹುಷಾರಾಗಿರೋ" ಎಂದೆ. "ಇರ್ತೀನಿ ಬಿಡಣ್ಣ" ಎಂದ. ಅಲ್ಲಿಗೆ ನನ್ನ ಜವಾಬ್ದಾರಿ ಮುಗಿಯಿತೆಂದುಕೊಂಡ ಮೂರ್ಖ ನಾನು. ಒಂದು ವಾರ ರಜೆ ಹಾಕು ಎಂದಿದ್ದರೆ ಯಾಕೆಂದು ಕೇಳುತ್ತಿದ್ದ, ಅದಕ್ಕೆ ಹೆದರಿದೆ.

ಶುಕ್ರವಾರ ಮಧ್ಯಾಹ್ನ ಪಕ್ಕದ ಶೆಡ್ಡಿನಲ್ಲಿ ಹಳೆ ಕಬ್ಬಿಣ ಒಡೆಯುತ್ತಿದ್ದರು. ತಮ್ಮ ಉದ್ದಕ್ಕೆ ಸೀಟಿ ಹೊಡೆದಿದ್ದ. ಆ ಸದ್ದಿನಲ್ಲಿ ಅದು ಮೇಲಕ್ಕೆ ಮುಟ್ಟಲಿಲ್ಲ. ಎರಡೂ ಕೈ ಎತ್ತಿ ಬೀಸಿದ, ಕಣ್ಣಿದ್ದ ಯಾರಿಗಾದರೂ ಕಾಣುವ ಹಾಗೆ. ಪೆಟ್ಟಿಗೆ ಇಳಿಯುತ್ತಲೇ ಬಂತು. ಹಾಜರಿ ಪುಸ್ತಕ ಬಿಸಾಕಿ ನಾನು ಓಡಿಹೋಗುವಷ್ಟರಲ್ಲಿ ಅವನ ಬಲಗಾಲು ಅದರಡಿ ಸಿಕ್ಕಿತ್ತು. ಆಸ್ಪತ್ರೆಯಲ್ಲಿ ಮೊಣಕಾಲಿನವರೆಗೆ ತೆಗೆದರು. ಭಾನುವಾರ ಮೇಸ್ತ್ರಿಯ ಮನೆಗೆ ಯಾರೂ ಹೆಣ್ಣು ನೋಡಲು ಬರಲಿಲ್ಲ.

ವಿಚಾರಣೆಯಲ್ಲಿ ಹೇಳಿಕೆ ಬರೆದುಕೊಳ್ಳಲು ಕೂತಿದ್ದವನು ನಾನೇ, ಗುಮಾಸ್ತನಲ್ಲವೇ? ಮೇಸ್ತ್ರಿ ಏನನ್ನೂ ಮುಚ್ಚಿಡಲಿಲ್ಲ. "ನನಗೆ ಕಣ್ಣು ಕಾಣಲ್ಲ ಸಾರ್. ಎರಡು ವರ್ಷದಿಂದ. ತಪ್ಪು ನನ್ನದೇ" ಎಂದರು. ಮಾಲೀಕರು, "ಇದು ಬೇರೆ ಯಾರಿಗಾದ್ರೂ ಗೊತ್ತಿತ್ತಾ?" ಎಂದು ಕೇಳಿದರು. ನನ್ನ ಪೆನ್ನು ನಿಂತಿತು. ಮೇಸ್ತ್ರಿ ನನ್ನ ಕಡೆ ತಿರುಗಲೂ ಇಲ್ಲ. "ಹೆಂಡ್ತಿಗೂ ಹೇಳಿಲ್ಲ ಸಾರ್. ಯಾರಿಗೂ ಗೊತ್ತಿರಲಿಲ್ಲ" ಎಂದರು. ಆ ಮಾತನ್ನು ನನ್ನ ಕೈಯಾರೆ ಬರೆದೆ. ಸಹಿ ಎಲ್ಲಿ ಹಾಕಬೇಕೆಂದು ಅವರಿಗೆ ಕಾಣದೆ, ಅವರ ಬೆರಳನ್ನು ಹಿಡಿದು ಆ ಸಾಲಿನ ಕೆಳಗೆ ಇಟ್ಟವನೂ ನಾನೇ.

ತಿಂಗಳುಗಳ ನಂತರ ಅವರ ಮನೆ ಜಗಲಿಯಲ್ಲಿ ಕೂತು ಕೇಳಿದೆ: "ಯಾಕೆ ಹಂಗೆ ಹೇಳಿದ್ರಿ?" "ಹುಡುಗನಿಗೆ ಕಾಲು ಹೋಯ್ತು. ಅಣ್ಣನೂ ಹೋಗೋದು ಬೇಡ ಅನ್ನಿಸ್ತು" ಎಂದರು. ನಾನು ಅಲ್ಲೇ ಅತ್ತೆ. ಅವರು ಸಮಾಧಾನ ಮಾಡಲಿಲ್ಲ, ಮಾಡುವ ಹಕ್ಕು ತಮಗಿಲ್ಲ ಎಂಬಂತೆ ಕೂತಿದ್ದರು.

ತಮ್ಮ ಎರಡು ವರ್ಷ ಅವರ ಹೆಸರೆತ್ತಲಿಲ್ಲ. ಆಮೇಲೆ ಅವನಾಗಿಯೇ ಅವರ ಮನೆಗೆ ಹೋಗತೊಡಗಿದ. ಒಬ್ಬರಿಗೆ ಕಣ್ಣಿಲ್ಲ, ಇನ್ನೊಬ್ಬನಿಗೆ ಕಾಲಿಲ್ಲ, ಅದೇನು ಮಾತಾಡುತ್ತಿದ್ದರೋ ನಾನು ಕೇಳಲಿಲ್ಲ. ಅವನು ಬರುವ ಹೊತ್ತಿಗೆ ನಾನು ಅಲ್ಲಿರದ ಹಾಗೆ ನೋಡಿಕೊಳ್ಳುತ್ತಿದ್ದೆ.

ಮೇಸ್ತ್ರಿ ತೀರಿಕೊಂಡ ದಿನ ಇಬ್ಬರೂ ಒಟ್ಟಿಗೆ ಹೋಗಿದ್ದೆವು. ಸ್ಮಶಾನದಿಂದ ಬಂದು ನಮ್ಮ ಮನೆಯ ನಲ್ಲಿಯ ಹತ್ತಿರ ನಿಂತಾಗ ತಮ್ಮ ಹೇಳಿದ: "ಅವರು ನಿನಗೊಬ್ಬನಿಗಾದ್ರೂ ಒಂದು ಮಾತು ಹೇಳಬೇಕಿತ್ತು ಅಣ್ಣ. ನೀನು ಆವತ್ತೇ ನನ್ನನ್ನ ಅಲ್ಲಿಂದ ಕರ್ಕೊಂಡು ಬರ್ತಿದ್ದೆ, ಅಲ್ವಾ?"

"ಹೂಂ" ಎಂದೆ.

ಅವನು ನನ್ನ ಭುಜ ಹಿಡಿದು ನಿಂತು, ಉಳಿದ ಒಂದು ಕಾಲನ್ನು ತೊಳೆದುಕೊಂಡ.