ನಿಲ್ಲದೆ ಸುತ್ತುತ್ತಿದ್ದ ದನದ ಟ್ರಕ್

ಕನಿಕರದಿಂದ ಮಾಡಲು ಹೋದದ್ದೇ ತಪ್ಪಾದದ್ದು ನಿಮಗೂ ಆಗಿದೆಯಾ?

ಇಲ್ಲಿನ ಭಾರತೀಯ ಅಂಗಡಿಗಳ ಊರಾದ ಐಸೆಲಿನ್‌ಗೆ ಹೊರಟವರು ಉರಿಬಿಸಿಲಲ್ಲಿ ಹೆದ್ದಾರಿಯ ರೆಸ್ಟ್ ಏರಿಯಾದಲ್ಲಿ ನಿಂತೆವು. ದನ ತುಂಬಿದ ಟ್ರಕ್ಕೊಂದು ನಿಲ್ಲದೆ ಪಾರ್ಕಿಂಗ್ ಲಾಟ್ ಸುತ್ತುತ್ತಿತ್ತು. ಧಾರವಾಡದಿಂದ ಬಂದಿದ್ದ ನಮ್ಮತ್ತೆ ಬಾಳೆಹಣ್ಣು ಹಿಡಿದು ಇಳಿದೇಬಿಟ್ಟರು.

“ಪಾಪ, ಹೆಂಗ ತೇಕ್ತಾವ ನೋಡು! ನಿಲ್ಲಸಂತ ಹೇಳು, ತಿನ್ನಸ್ತೀನಿ.”

ಕಾಫಿ ತರಲು ಇಳಿದಿದ್ದ ಆ ಟ್ರಕ್ಕಿನ ಎರಡನೇ ಡ್ರೈವರನ್ನು ಕೇಳಿದೆ.

“ಓಡಿದರಷ್ಟೇ ಒಳಗೆ ಗಾಳಿ. ನಿಲ್ಲಿಸಿದರೆ ಸೆಕೆಗೆ ಕುಸಿದು ಬೀಳುತ್ತವೆ” ಎಂದ.

“ಎಲ್ಲಿಗೆ ಹೋಗ್ತಿದೀರಿ?”

“ಕಸಾಯಿಖಾನೆಗೆ. ಮಾಂಸ ಹಡಗಲ್ಲಿ ಹೊರದೇಶಕ್ಕೆ.”

ಎರಡನ್ನೂ ಅತ್ತೆಗೆ ಹೇಳಿದೆ. ಟ್ರಕ್ ಮತ್ತೆ ಹತ್ತಿರ ಬಂದಾಗ ಕೈ ಬೀಸಿದರು.

“ನಿಲ್ಲಬ್ಯಾಡಪಾ. ಹೋಗು, ಹೋಗು.”

ಆ ಹಣ್ಣುಗಳನ್ನು ನಾವ್ಯಾರೂ ತಿನ್ನಲಿಲ್ಲ. ಕೊಡಲು ಹೋದದ್ದು ನಿಮ್ಮ ಕೈಯಲ್ಲೂ ಹೀಗೆ ಉಳಿದಿದ್ದರೆ ಕೆಳಗೆ ಬರೆಯಿರಿ, ಓದುತ್ತೇನೆ.